ಪಾರ ಎಂದರೆ ಹಾರೆಯಲ್ಲ

ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ಹುಲಿ ಪುಲಿ, ಹಂದಿ ಪಂದಿ. ಈ ಲೆಕ್ಕ ಹಿಡಿದವರು ಹಾರೆ ಎಂದರೂ ಪಾರ ಎಂದರೂ ಒಂದೇ ಸಾಮಾನು ಎಂದುಕೊಳ್ಳುತ್ತಾರೆ. ಗಡಿಯಾಚೆ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಪಾರ ಕೇಳಿದರೆ ಸಿಗುವುದು ಸಲಿಕೆ: ಅಗಲ ಅಲಗು, ಮರದ ಕಾವು, ಬಗ್ಗಿ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುವ ಸಾಧನ. ನಮ್ಮ ಹಾರೆಗೆ ಕಾವೇ ಇಲ್ಲ. ಅದು ಉದ್ದನೆಯ ಗಟ್ಟಿ ಕಬ್ಬಿಣದ ಸರಳು. ನೆಟ್ಟಗೆ ನಿಂತು ಕುಕ್ಕುವುದಕ್ಕೆ, ಬಂಡೆಯ ಸಂದಿಗೆ ತೂರಿಸಿ ಮೀಟುವುದಕ್ಕೆ. ತೆಲುಗಿನವರು ಅದನ್ನು ಗಡ್ಡಪಾರ ಎನ್ನುತ್ತಾರೆ. (ಮುಖದ ಗಡ್ಡಕ್ಕೂ ಇದಕ್ಕೂ ನಂಟಿಲ್ಲ, ಅವರ ಗಡ್ಡ ನಮ್ಮ ಹೆಂಟೆ.) ನೆಲ ಗಟ್ಟಿಯಿದ್ದಲ್ಲಿ ಮೊದಲು ಹಾರೆ, ಆಮೇಲೆ ಸಲಿಕೆ, ಕೊನೆಗೆ ಬುಟ್ಟಿ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಸಾಮಾನು ಬೇರೆಯಾದ ಮೇಲೆ ಪದಗಳೂ ಬೇರೆ ಎಂದು ವಾದಿಸುವವರಿದ್ದಾರೆ. ಅದೂ ಸರಿಯಲ್ಲ. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಗತೊಡಗಿದ್ದು ಸುಮಾರು 10ನೇ ಶತಮಾನದಿಂದೀಚೆಗೆ. ಹಾರೆಯ ಹಳೆಯ ರೂಪ ಪಾರೆ. ತಮಿಳಿನ ಕಡಪ್ಪಾರೈ ಮೀಟುವ ಸರಳೇ, ಮಲೆಯಾಳದ ಪಾರವೂ ಅದೇ. ಸಲಿಕೆಯ ಕಡೆಗೆ ಹೊರಳಿದ್ದು ತೆಲುಗಿನ ಪಾರ. ಅಲ್ಲೂ ಗಡ್ಡಪಾರ ಎಂಬ ಜೋಡಿಪದದೊಳಗೆ ಹಳೆಯ ಅರ್ಥ ಕುಳಿತೇ ಇದೆ. ಬೇರು ಒಂದು, ಬಳಕೆ ಎರಡು.

ಹಾಗಾದರೆ ಗಡಿಯ ಕನ್ನಡಿಗ ಸಲಿಕೆಗೆ ಪಾರ ಎಂದರೆ ಅದು ಕೆಟ್ಟ ಕನ್ನಡವಲ್ಲವೇ ಎಂಬ ಆಕ್ಷೇಪ ಬರುತ್ತದೆ. ಆದರೆ ಆ ಗಡಿಯೇ ಈಚಿನದು: ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಈಗಿನ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮನೆಮಾತು. ಎರಡೂ ಭಾಷೆಯ ಕೂಲಿಗಳು ಒಂದೇ ಗುಂಡಿಗೆ ಇಳಿಯುವ ಕಡೆ, ಪಕ್ಕದವನಿಗೆ ತಟ್ಟನೆ ತಿಳಿಯುವ ಹೆಸರೇ ನಡೆಯುತ್ತದೆ. ಒಂದು ಹೆಸರಿಗೆ ಒಂದೇ ಸಾಮಾನು ಎಂಬ ಕಟ್ಟುನಿಟ್ಟನ್ನು ಗಡಿಯಿಂದ ದೂರದ ಕನ್ನಡವಾದರೂ ಎಲ್ಲಿ ಪಾಲಿಸಿದೆ? ಗುದ್ದಲಿ ಎಂದರೆ ಹಳೇ ಮೈಸೂರಿನ ಹಲವು ಕಡೆ ಅಗಲ ಅಲಗಿನದು, ಬೇರೆ ಕಡೆ ಗಟ್ಟಿ ನೆಲ ಅಗೆಯುವ ಕಿರಿದಲಗಿನದು. ಇನ್ನು ಗುದ್ದಲಿ ಪೂಜೆಯ ಫೋಟೊಗಳಲ್ಲಿ ಗಣ್ಯರ ಕೈಯಲ್ಲಿ ಎಷ್ಟೋ ಸಲ ಇರುವುದು ಪಿಕಾಸಿ, ಇಲ್ಲವೇ ಹಾರೆ. ಅದನ್ನು ಪಿಕಾಸಿ ಪೂಜೆ ಎಂದು ಯಾರೂ ತಿದ್ದಲು ಹೋಗಿಲ್ಲ.