ಬಣ್ಣದ ಮಿಠಾಯಿ ಮತ್ತು ಕಾಯಿದೆಯ ಕಣ್ಣು

ಜಾತ್ರೆಯೆಂದರೆ ತೇರು, ತೇರಿನ ಹಿಂದೆ ಮಕ್ಕಳು, ಮಕ್ಕಳ ಕೈಯಲ್ಲಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ! ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಹೊರಟ ದುಬಲಗುಂಡಿಯ ಮಗುವೂ ಮೊದಲು ಮರುಳಾಗುವುದು ಬಣ್ಣಕ್ಕೆ, ಆಮೇಲೆ ರುಚಿಗೆ. ಆ ಬಣ್ಣ ಎಂತಹದೆಂಬುದನ್ನು ಕೊಡಿಸುವ ತಾಯಿಯಾಗಲಿ, ಮಾರುವವನಾಗಲಿ ಬಲ್ಲರೇ?

ಈ ಪ್ರಶ್ನೆಗೆ 2024ರ ಮಾರ್ಚ್ 11ರಂದು ಉತ್ತರ ದೊರೆಯಿತು. ಕರ್ನಾಟಕದಲ್ಲಿ ಸಂಗ್ರಹಿಸಿದ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡುಬಂದಿದ್ದವು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇವುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಅದೇ ಜೂನ್ ತಿಂಗಳಲ್ಲಿ ಕಬಾಬಿಗೂ ಈ ಕಟ್ಟಳೆ ಬಂದಿತು. ನಿಷೇಧ ತಿಂಡಿಗಲ್ಲ, ಬಣ್ಣಕ್ಕೆ.

ಈ ಬಣ್ಣಗಳಲ್ಲಿ ಅತಿ ಕೇಡಿನದು ರೋಡಮೈನ್-ಬಿ. ಬಟ್ಟೆಗೆ, ಕಾಗದಕ್ಕೆ ಹಾಕುವ ಈ ಬಣ್ಣ ಆಹಾರದಲ್ಲಿ ಎಳ್ಳಷ್ಟೂ ಸಲ್ಲದು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಮೊದಲಾದ ಕೆಲವು ಕೃತಕ ಬಣ್ಣಗಳಿಗೆ ಅನುಮತಿಯುಂಟು. ಆದರೆ ನಿಯಮ ಹೆಸರಿಸಿದ ತಿನಿಸುಗಳಲ್ಲಿ, ಗೊತ್ತುಪಡಿಸಿದ ಮಿತಿಯೊಳಗೆ ಮಾತ್ರ. ಪೊಟ್ಟಣದ ತಿನಿಸಾದರೆ ಬಣ್ಣ ಬೆರೆಸಿದ ಸಂಗತಿಯನ್ನು ಅದರ ಚೀಟಿಯ ಮೇಲೆ ಅಚ್ಚು ಹಾಕಿಸಲೇಬೇಕು. ತಪ್ಪು ಚೀಟಿಗೆ 3 ಲಕ್ಷ ರೂಪಾಯಿಗಳವರೆಗೆ ದಂಡ. ಅಸುರಕ್ಷಿತ ಆಹಾರ ಮಾರಿದವನಿಗೆ ಸೆರೆಮನೆಯೂ ಉಂಟು. ಅದರಿಂದ ಪ್ರಾಣಹಾನಿಯಾದರಂತೂ ಕನಿಷ್ಠ 7 ವರ್ಷ ಸೆರೆ, 10 ಲಕ್ಷಕ್ಕೆ ಕಡಮೆಯಿಲ್ಲದ ದಂಡ!

ಈ ಎಚ್ಚರ ನಿನ್ನೆ ಮೊನ್ನೆಯದಲ್ಲ. ಹುಮನಾಬಾದು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1954ರಲ್ಲಿ, ಆಹಾರ ಕಲಬೆರಕೆ ತಡೆ ಕಾಯಿದೆ ಹುಟ್ಟಿತು. ಅದರ ಸ್ಥಾನಕ್ಕೆ ಬಂದ 2006ರ ಆಹಾರ ಸುರಕ್ಷತಾ ಕಾಯಿದೆ ಈಗ ಆಳುತ್ತಿದೆ.

ಅಧಿಕಾರಿ ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾನೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಅವರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿ ಒಪ್ಪದ ವ್ಯಾಪಾರಿಗೆ ಮೇಲ್ಮನವಿಯ ಹಕ್ಕಿದೆ. ತಳ್ಳುಗಾಡಿಯ ಬಡವನಿಗೂ ನ್ಯಾಯ ಬೇಕಷ್ಟೆ. ಕೊಂಡವನಿಗೂ ಒಂದು ಅಧಿಕಾರವುಂಟು: ಶುಲ್ಕ ತೆತ್ತು, ಮಾರಿದವನಿಗೆ ತಿಳಿಸಿ, ತಾನು ಕೊಂಡ ಪದಾರ್ಥವನ್ನು ಪರೀಕ್ಷೆಗೆ ಕೊಡಬಹುದು.

ಆದರೂ ಪ್ರತಿ ಜಾತ್ರೆಯ ಪ್ರತಿ ಅಂಗಡಿಯ ಮುಂದೆ ಅಧಿಕಾರಿ ನಿಂತಿರಲಾರ. ಅಲ್ಲಿ ನಿಲ್ಲುವವಳು ತಾಯಿ. ಬಣ್ಣವಿಲ್ಲದ ಬಿಳಿಯ ಮಿಠಾಯಿಯನ್ನು ಅವಳೇ ಕೇಳಿ ಕೊಂಡರೆ ಮಾರುವವನೂ ಅದನ್ನೇ ತಂದಾನು. ಸಿಹಿ ಇರುವುದು ಸಕ್ಕರೆಯಲ್ಲಿ, ಬಣ್ಣದಲ್ಲಲ್ಲ.