ಹಳದಿ ಅಂಗಿಗೂ ಮೊದಲು ಹಳದಿ ಕಾಗದವಿತ್ತು

ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಹಳ್ಳಿಗಳಲ್ಲಿ ಐವತ್ತು ದಾಟಿದವರಿಗೆ ಸೈಕಲ್ ಆಟವೆಂದರೆ ಗೊತ್ತು. ಊರ ನಡುವಿನ ಬಯಲಲ್ಲಿ ಒಂದು ಕಂಬ, ಅದಕ್ಕೊಂದು ಮೈಕು, ಸುತ್ತ ಒಬ್ಬನೇ ಸವಾರ. ದಿನಗಟ್ಟಲೆ ನೆಲಕ್ಕೆ ಕಾಲಿಡದೆ ಸುತ್ತು ಹಾಕುವುದೇ ಆಟ. ಊಟ ಸೈಕಲ್ ಮೇಲೆ, ಸ್ನಾನವೂ ಸೈಕಲ್ ಮೇಲೆ. ಮೆಚ್ಚಿದವರು ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ಯಾರು ಎಷ್ಟು ಕೊಟ್ಟರೆಂಬುದು ಮೈಕಿನಲ್ಲಿ ಊರಿಗೆಲ್ಲ ಕೇಳುತ್ತಿತ್ತು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜಾತ್ರೆಗಳ ಸೈಕಲ್ ಶರ್ಯತ್ತು ಬೇರೆಯೇ ಬಗೆಯದು. ಡಾಂಬರು ರಸ್ತೆಯ ಮೇಲೆ ಒಂದೇ ಉಸಿರಿನ ಓಟ. ಮೊದಲು ಮುಟ್ಟಿದವನಿಗೆ ಬಹುಮಾನ, ಅಲ್ಲಿಗೆ ಮುಗಿಯಿತು.

ಮೊದಲನೆಯದರ ದಿನಗಟ್ಟಲೆಯ ಕುತೂಹಲ, ಎರಡನೆಯದರ ರಸ್ತೆ: ಇವೆರಡನ್ನೂ ಗಂಟುಹಾಕಿದರೆ ಟೂರ್ ದ ಫ್ರಾನ್ಸ್‌ನಂಥ ಹಲವು ಹಂತಗಳ ರೇಸು ಸಿದ್ಧ. ಆ ಗಂಟು ಬಿದ್ದ ಬಗೆಯ ಸುತ್ತ ಹಲವು ತಪ್ಪು ಕಲ್ಪನೆಗಳು ಬೆಳೆದಿವೆ.

ತಪ್ಪು ಕಲ್ಪನೆ: ಟೂರ್ ದ ಫ್ರಾನ್ಸ್ ಹುಟ್ಟಿದ್ದು ಕ್ರೀಡಾಪ್ರೇಮದಿಂದ

ಸತ್ಯ: ಅದು ಹುಟ್ಟಿದ್ದು ಪತ್ರಿಕೆಗಳ ಜಗಳದಿಂದ. 19ನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಕ್ರೀಡಾ ಸುದ್ದಿಗೆ ಹಸಿರು ಕಾಗದದ ‘ಲ ವೆಲೊ’ ಪತ್ರಿಕೆಯದೇ ದರಬಾರು. ಬೇಹುಗಾರಿಕೆಯ ಸುಳ್ಳು ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಸೇನಾಧಿಕಾರಿ ಡ್ರೇಫಸ್‌ನ ವಿಷಯದಲ್ಲಿ ದೇಶವೇ ಎರಡು ಹೋಳಾದಾಗ ಅದರ ಸಂಪಾದಕ ಪಿಯೆರ್ ಜಿಫಾರ್ ಡ್ರೇಫಸ್ ಪರ ನಿಂತರು. ಜಾಹೀರಾತು ಕೊಡುತ್ತಿದ್ದ ಕಾರು ಉದ್ಯಮಿ ಕೌಂಟ್ ದ ದಿಯೊಂಗೆ ಇದು ಸೇರಲಿಲ್ಲ. ಅವರೂ ಅವರ ಜೊತೆಗಾರರೂ ಸೇರಿ 1900ರಲ್ಲಿ ಹಳದಿ ಕಾಗದದ ಹೊಸ ಪತ್ರಿಕೆ ಹೊರಡಿಸಿದರು. ‘ಲಾಟೊ-ವೆಲೊ’ ಎಂಬ ಅದರ ಹೆಸರು ತಮ್ಮದನ್ನು ಹೋಲುತ್ತದೆಂದು ಹಳೆಯ ಪತ್ರಿಕೆ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. 1903ರ ಜನವರಿಯಿಂದ ಅದು ಬರೀ ‘ಲಾಟೊ’.

ಹೆಸರಿನಲ್ಲಿದ್ದ ಸೈಕಲ್ ಹೋಯಿತು, ಪ್ರಸಾರ ಏರಲಿಲ್ಲ. ಅಷ್ಟರೊಳಗೆ, 1902ರ ನವೆಂಬರ್ 20ರಂದು, ಪ್ಯಾರಿಸ್‌ನ ಹೋಟೆಲೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಯುವ ವರದಿಗಾರ ಜಿಯೋ ಲೆಫೆವ್ರ ದೇಶ ಸುತ್ತುವ ರೇಸಿನ ಮಾತು ತೆಗೆದಿದ್ದರು. ‘ಟೂರ್‌ನ ಪಿತಾಮಹ’ ಎಂದು ಹೆಸರಾದ ಸಂಪಾದಕ ಹೆನ್ರಿ ದೆಗ್ರಾಂಜ್‌ಗೆ ಆರಂಭದಲ್ಲಿ ಈ ಯೋಜನೆಯ ಮೇಲೆ ನಂಬಿಕೆಯಿರಲಿಲ್ಲ. ಮೊದಲ ರೇಸಿನ ಬೆನ್ನುಹತ್ತಿ ಒಮ್ಮೆ ರೈಲಿನಲ್ಲಿ, ಒಮ್ಮೆ ಸೈಕಲ್ಲಿನಲ್ಲಿ ಅಲೆದವರು ಲೆಫೆವ್ರ.

ಲೆಕ್ಕಾಚಾರ ಫಲಿಸಿತು. ಒಂದು ದಿನದ ರೇಸು ಒಂದು ದಿನದ ಸುದ್ದಿ. ಹತ್ತೊಂಬತ್ತು ದಿನದ ರೇಸು ಧಾರಾವಾಹಿ. ಸುಮಾರು 25,000 ಇದ್ದ ಪ್ರಸಾರ ಮೊದಲ ಟೂರ್ ಮುಗಿಯುವ ಹೊತ್ತಿಗೆ 65,000ಕ್ಕೆ ಜಿಗಿಯಿತು. ಮರುವರ್ಷ ‘ಲ ವೆಲೊ’ ಬಾಗಿಲು ಹಾಕಿತು.

ತಪ್ಪು ಕಲ್ಪನೆ: ಅದಕ್ಕೂ ಮೊದಲು ದೂರದ ರೇಸುಗಳೇ ಇರಲಿಲ್ಲ

ಸತ್ಯ: ಬೇಕಾದಷ್ಟಿದ್ದವು. 1869ರ ನವೆಂಬರ್ 7ರಂದೇ ಪ್ಯಾರಿಸ್‌ನಿಂದ ರುವಾಂವರೆಗೆ 123 ಕಿ.ಮೀ. ಓಟ ನಡೆದು ಜೇಮ್ಸ್ ಮೂರ್ ಗೆದ್ದಿದ್ದರು. 1891ರಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್: ಸುಮಾರು 1,200 ಕಿ.ಮೀ. ಶಾರ್ಲ್ ತೆರೋಂ ಅದನ್ನು ಮೂರು ರಾತ್ರಿ ನಿದ್ದೆಗೆಟ್ಟು ಸುಮಾರು 71 ಗಂಟೆಗಳಲ್ಲಿ ಮುಗಿಸಿದರು. ಆದರೆ ಇವೆಲ್ಲ ಒಂದೇ ಓಟದವು. ನಡುವೆ ನಿಲ್ಲಿಸಿ, ಸಮಯ ಬರೆದಿಟ್ಟುಕೊಂಡು, ಮತ್ತೆ ಎಲ್ಲರನ್ನೂ ಒಟ್ಟಿಗೆ ಹೊರಡಿಸುವ ಪದ್ಧತಿ ಇವುಗಳಲ್ಲಿರಲಿಲ್ಲ.

ಹಲವು ದಿನಗಳ ಮೋಜು ಇದ್ದದ್ದು ಒಳಾಂಗಣದಲ್ಲಿ. 1878ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಸಭಾಂಗಣದಲ್ಲಿ ಡೇವಿಡ್ ಸ್ಟ್ಯಾಂಟನ್ ಆರು ದಿನದಲ್ಲಿ 1,000 ಮೈಲಿ ತುಳಿಯುತ್ತೇನೆಂದು ಪಣ ಕಟ್ಟಿ ಗೆದ್ದ ಮೇಲೆ ‘ಆರು ದಿನದ ರೇಸು’ ಹಬ್ಬಿತು. ಭಾನುವಾರ ದೇವರ ದಿನ, ಅದಕ್ಕೇ ಆರು. ನಮ್ಮ ಹಳ್ಳಿಯ ಸೈಕಲ್ ಆಟದ ಹತ್ತಿರದ ನೆಂಟ ಇದೇ. ಲೆಫೆವ್ರ ಮಾಡಿದ್ದು ಇದನ್ನು ಚಾವಣಿಯ ಕೆಳಗಿಂದ ರಸ್ತೆಗೆ ತಂದದ್ದು. 1903ರ ಮೊದಲ ಟೂರ್‌ಗೆ ಇದ್ದದ್ದೂ ಆರೇ ಹಂತ.

ತಪ್ಪು ಕಲ್ಪನೆ: ಹಗಲು ಓಟ, ಸಂಜೆ ವಿಶ್ರಾಂತಿ

ಸತ್ಯ: ಅದು ಈಗಿನ ಪದ್ಧತಿ. 1903ರ ಜುಲೈ 1ರಂದು ಮೊದಲ ಹಂತ ಹೊರಟದ್ದೇ ಮಧ್ಯಾಹ್ನ ಮೂರರ ಮೇಲೆ. ಪ್ಯಾರಿಸ್ ಬದಿಯ ಮೊಂಜೆರೋಂನಿಂದ ಲಿಯೋಂವರೆಗೆ 467 ಕಿ.ಮೀ. ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಮರಳಿದರೆ ಸುಮಾರು ಅಷ್ಟಾಗುತ್ತದೆ, ಅದೂ ಡಾಂಬರಿಲ್ಲದ ಮಣ್ಣುಕಲ್ಲಿನ ದಾರಿ. ಇಡೀ ರಾತ್ರಿ ತುಳಿದು ಮರುದಿನ ಬೆಳಿಗ್ಗೆ ಮೊದಲು ಮುಟ್ಟಿದವರು ಮೋರಿಸ್ ಗಾರಿನ್. ಹಿಡಿದದ್ದು 17 ಗಂಟೆ 45 ನಿಮಿಷ.

ಅಂಥ ಆರು ಹಂತ, ಒಟ್ಟು 2,428 ಕಿ.ಮೀ. ಮಧ್ಯೆ ಬಿಡುವಿನ ದಿನಗಳು. ಹೊರಟವರು 60, ಮುಗಿಸಿದವರು 21. ಇಟಲಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹೊಗೆಗೂಡಿನ ಮಸಿ ಗುಡಿಸುತ್ತಿದ್ದ ಗಾರಿನ್ ಒಟ್ಟು 94 ಗಂಟೆ 33 ನಿಮಿಷದಲ್ಲಿ ಗೆದ್ದರು. ಎರಡನೆಯವರು ಸುಮಾರು ಮೂರು ಗಂಟೆ ಹಿಂದೆ. ಕೊನೆಯ ಆರ್ಸೆನ್ ಮಿಯೊಶೋ ಹಿಂದಿದ್ದದ್ದು ಹತ್ತಿರ ಹತ್ತಿರ 65 ಗಂಟೆ!

ಎಲ್ಲರೂ ಸಂಬಳದ ಸವಾರರೂ ಆಗಿರಲಿಲ್ಲ. ಮೊದಲು ಹದಿನೈದೇ ಜನ ಹೆಸರು ಕೊಟ್ಟಿದ್ದರಿಂದ ಪತ್ರಿಕೆ ದಿನಗಳನ್ನು ಮೊಟಕುಗೊಳಿಸಿ, ಪ್ರವೇಶ ಶುಲ್ಕವನ್ನು 20 ಫ್ರಾಂಕಿನಿಂದ 10ಕ್ಕೆ ಇಳಿಸಿ, ದಿನಕ್ಕೆ 5 ಫ್ರಾಂಕು ಭತ್ಯೆಯ ಆಸೆ ತೋರಿಸಿದ ಮೇಲೆಯೇ ಜನ ಸೇರಿದ್ದು.

ತಪ್ಪು ಕಲ್ಪನೆ: ಹಳೆಯ ಕಾಲದವರು ಮೋಸ ಅರಿಯರು

ಸತ್ಯ: ಎರಡನೇ ವರ್ಷಕ್ಕೇ ಟೂರ್ ಮೋಸದಲ್ಲಿ ಮುಳುಗಿತು. 1904ರಲ್ಲಿ ದಾರಿಗೆ ಮೊಳೆ ಚೆಲ್ಲಿದರು. ಸೇಂಟ್ ಎಟಿಯೆನ್ ಹತ್ತಿರದ ಘಾಟಿನಲ್ಲಿ ಸ್ಥಳೀಯ ಅಭಿಮಾನಿಗಳು ತಮ್ಮೂರ ಸವಾರನನ್ನು ಮುಂದೆ ಬಿಟ್ಟು ಉಳಿದವರಿಗೆ ಅಡ್ಡಗಟ್ಟಿ ಬಡಿದರು. ಕೆಲವರು ರೈಲು ಹತ್ತಿದರೆಂಬ ಆರೋಪವೂ ಬಂತು: ವಾಡಿಯಲ್ಲಿ ಸೈಕಲ್ ಸಮೇತ ರೈಲು ಹತ್ತಿ ಶಹಾಬಾದಿನಲ್ಲಿ ಇಳಿದು, ಬೆವರು ಒರೆಸಿಕೊಂಡು ಮುಂದೆ ಸಾಗಿದಂತೆ. ತಿಂಗಳುಗಟ್ಟಲೆ ವಿಚಾರಣೆ ನಡೆಸಿದ ಫ್ರೆಂಚ್ ಸೈಕಲ್ ಒಕ್ಕೂಟ, ಗಾರಿನ್ ಸೇರಿ ಮೊದಲ ನಾಲ್ವರನ್ನೂ ಪಟ್ಟಿಯಿಂದ ತೆಗೆದುಹಾಕಿತು. ಐದನೆಯವರಾಗಿದ್ದ ಹೆನ್ರಿ ಕೊರ್ನೆ ವಿಜೇತರಾದರು. ಆಗ ಅವರಿಗಿನ್ನೂ 20 ತುಂಬಿರಲಿಲ್ಲ. ಟೂರ್ ಗೆದ್ದವರಲ್ಲಿ ಅತಿ ಚಿಕ್ಕವರು ಇಂದಿಗೂ ಅವರೇ.

ತಪ್ಪು ಕಲ್ಪನೆ: ಒಟ್ಟು ಸಮಯ ಕಡಿಮೆಯಿದ್ದವರೇ ಸದಾ ವಿಜೇತರು

ಸತ್ಯ: 1905ರಿಂದ 1912ರವರೆಗೆ ಟೂರ್‌ನಲ್ಲಿ ಅಂಕಗಳ ಲೆಕ್ಕ. ಪ್ರತಿ ಹಂತದಲ್ಲಿ ಬಂದ ಸ್ಥಾನ ನೋಡಿ ಅಂಕ ಕೊಡುತ್ತಿದ್ದರು. ಕಡಿಮೆ ಅಂಕದವರು ಗೆಲ್ಲುತ್ತಿದ್ದರು. 1904ರ ರಂಪಾಟದ ಮೇಲೆ ಬಂದ ಬದಲಾವಣೆಯಿದು. ಕತ್ತಲಲ್ಲಿ ಗಂಟೆಗಟ್ಟಲೆ ಸಮಯ ಕದ್ದರೂ ಸಿಗುವುದು ಒಂದೆರಡು ಸ್ಥಾನ ಮಾತ್ರ.

ಇದರ ತಮಾಷೆ ಕಂಡದ್ದು ಇಟಲಿಯಲ್ಲಿ. ಗುಲಾಬಿ ಕಾಗದದ ‘ಗಝೆಟ್ಟಾ ದೆಲ್ಲೊ ಸ್ಪೋರ್ಟ್’ ಪತ್ರಿಕೆ 1909ರ ಮೇ 13ರಂದು ಮಿಲಾನ್‌ನಿಂದ ಮೊದಲ ಜೀರೊ ದಿ’ಇಟಾಲಿಯಾ ಹೊರಡಿಸಿತು. ಎಂಟು ಹಂತ, 127 ಸವಾರರು. ಗೋಡೆ ಕಟ್ಟುವ ಕೆಲಸದಿಂದ ಬಂದ ಲುಯಿಜಿ ಗಾನ್ನಾ 25 ಅಂಕ ಪಡೆದು ಗೆದ್ದರು. 40 ಅಂಕಗಳ ಜೊವಾನ್ನಿ ರೊಸ್ಸಿಗ್ನೋಲಿ ಮೂರನೆಯವರು. ಗಡಿಯಾರವನ್ನೇ ನಂಬಿದ್ದರೆ ಗೆಲ್ಲಬೇಕಾದವರು ರೊಸ್ಸಿಗ್ನೋಲಿ! 1935ರಲ್ಲಿ ಸ್ಪೇನಿನ ಇಂಥದೇ ರೇಸು ವುಯೆಲ್ಟಾ ಆರಂಭಿಸಿದ್ದೂ ಪತ್ರಿಕೆಯೇ: ಮ್ಯಾಡ್ರಿಡ್‌ನ ‘ಇನ್ಫೋರ್ಮಾಸಿಯೋನೆಸ್’.

ತಪ್ಪು ಕಲ್ಪನೆ: ಟೂರ್ ಆಫ್ ನೀಲಗಿರೀಸ್ ನಮ್ಮ ಟೂರ್ ದ ಫ್ರಾನ್ಸ್

ಸತ್ಯ: 2008ರಲ್ಲಿ ಬೆಂಗಳೂರಿನ ಉತ್ಸಾಹಿಗಳು ಶುರುಮಾಡಿದ ಈ ಯಾತ್ರೆ ಹಲವು ದಿನಗಳದ್ದು ಹೌದು, ಬೆಟ್ಟ ಹತ್ತುವಂಥದ್ದೂ ಹೌದು. ಆದರೆ ಅಲ್ಲಿ ಹೆಚ್ಚಿನವರು ಹವ್ಯಾಸಿಗಳು. ಪೈಪೋಟಿಗೆ ಗಡಿಯಾರ ಹಿಡಿಯುವುದು ಕಲ್ಹಟ್ಟಿಯ ಕಡಿದಾದ ಏರಿನಂಥ ಕೆಲವು ತುಣುಕುಗಳಲ್ಲಿ ಮಾತ್ರ.

ತಪ್ಪು ಕಲ್ಪನೆ: ಸವಾರನ ಹಿಂದೆ ಮೊದಲಿನಿಂದಲೂ ರಿಪೇರಿ ಗಾಡಿ ಇತ್ತು

ಸತ್ಯ: ಟೂರ್ ದ ಫ್ರಾನ್ಸ್‌ನ ಆರಂಭದ ಕಾಲದಲ್ಲಿ ಸೈಕಲ್ ಕೆಟ್ಟರೆ ತಾನೇ ಸರಿಮಾಡಿಕೊಳ್ಳಬೇಕು, ಅದೇ ನಿಯಮ. 1913ರಲ್ಲಿ ಪಿರನೀಸ್ ಪರ್ವತದ ಟೂರ್ಮಲೆ ಇಳಿಜಾರಿನಲ್ಲಿ ಯುಜೀನ್ ಕ್ರಿಸ್ಟೋಫ್ ಅವರ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಪಂಕ್ಚರ್ ಅಂಗಡಿ ಹುಡುಕಿ ಬೆಸುಗೆ ಹಾಕಿಸಿಕೊಳ್ಳುವ ಹಾಗಿರಲಿಲ್ಲ. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂಟ್ ಮಾರಿ ದ ಕಾಂಪಾಂ ಹಳ್ಳಿಯ ಕುಲುಮೆ ಸೇರಿದರು. ಅಧಿಕಾರಿಗಳ ಕಣ್ಣೆದುರೇ ಸುತ್ತಿಗೆ ಹಿಡಿದು ಫೋರ್ಕು ಸರಿಮಾಡಿದರು. ಎರಡು ಕೈಯಲ್ಲಿ ಆಗದ ಒಂದು ಕೆಲಸಕ್ಕೆ ನೆರವು ಬೇಕಾಯಿತು: ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೆ ಅವರ ಸಮಯಕ್ಕೆ ದಂಡದ ನಿಮಿಷಗಳು ಸೇರಿದವು. ಗೇರು ಬದಲಿಸುವ ಸಲಕರಣೆಗೂ ಟೂರ್‌ನಲ್ಲಿ ಅನುಮತಿ ಸಿಕ್ಕದ್ದು 1937ರಲ್ಲಷ್ಟೇ.

ತಪ್ಪು ಕಲ್ಪನೆ: ಹಳದಿ ಅಂಗಿ ಮೊದಲ ದಿನದಿಂದಲೇ ಇದೆ

ಸತ್ಯ: ಮೊದಲ ಟೂರ್‌ನಲ್ಲಿ ಮುಂದಿದ್ದವರಿಗೆ ಇದ್ದದ್ದು ಹಸಿರು ತೋಳಪಟ್ಟಿ. ಹಳದಿ ಅಂಗಿ ಬಂದದ್ದು ಹದಿನಾರು ವರ್ಷ ಕಳೆದ ಮೇಲೆ, 1919ರ ಜುಲೈ 19ರಂದು, ಗ್ರೆನೋಬ್ಲ್‌ನಲ್ಲಿ. ಬಣ್ಣ ಪತ್ರಿಕೆಯ ಕಾಗದದ್ದು. ಜೀರೊದ ಗುಲಾಬಿ ಅಂಗಿಯೂ 1931ರಲ್ಲಿ ಹಾಗೆಯೇ ಬಂತು. ಹಳದಿ ಅಂಗಿಯನ್ನು ಮೊದಲು ತೊಟ್ಟವರು ಅದೇ ಕ್ರಿಸ್ಟೋಫ್.

ಗೆಲುವು ಇನ್ನೇನು ಕೈಗೆ ಬಂತೆನ್ನುವಾಗ, ವಾಲೆನ್ಸಿಯೆನ್‌ನಲ್ಲಿ ಅವರ ಫೋರ್ಕು ಮತ್ತೆ ಮುರಿಯಿತು. ಅಂಗಿ ಫಿರ್ಮಾಂ ಲಾಂಬೊ ಪಾಲಾಯಿತು, ಕ್ರಿಸ್ಟೋಫ್ ಮೂರನೆಯವರಾದರು. ಟೂರ್ ಅವರಿಗೆ ಎಂದೂ ದಕ್ಕಲಿಲ್ಲ. ಆಗ ‘ಲಾಟೊ’ ಅವರಿಗಾಗಿ ಓದುಗರಿಂದ ಚಂದಾ ಎತ್ತಿತು. ಹಣ ಬಂದು ಬಿತ್ತು. ಹಳ್ಳಿಯ ಮೈಕಿನಂತೆ, ಕೊಟ್ಟವರ ಹೆಸರುಗಳನ್ನು ಹಳದಿ ಪುಟಗಳು ಪಟ್ಟಿ ಪಟ್ಟಿಯಾಗಿ ಅಚ್ಚುಹಾಕಿದವು.