ಸೋರಿದ ಪೆಟ್ರೋಲು ಎಲ್ಲಿಗೆ ಹೋಗಬೇಕು?

ಇಬ್ಬರು ಕೂರುವ ಹಗುರ ವಿಮಾನಗಳಲ್ಲಿ ಆಸ್ಟ್ರಿಯದ ರೋಟ್ಯಾಕ್ಸ್ 912 ಎಂಜಿನ್ನಿನ ಬಳಕೆ ಹೆಚ್ಚು. ಇದರಲ್ಲಿ ಎರಡು ಕಾರ್ಬ್ಯುರೇಟರುಗಳಿವೆ. ಅವುಗಳ ಕೆಳಗೇ ಹೊಗೆ ಹೋಗುವ ಕೊಳವೆಗಳು ಹಾಯುತ್ತವೆ. ಒಳಗಿನ ಅನಿಲದ ಉಷ್ಣತೆ 800° ಸೆ. ಮೀರಬಹುದು. ಮೇಲೆ ಪೆಟ್ರೋಲು, ಕೆಳಗೆ ಕೆಂಡ!

ಕಾರ್ಬ್ಯುರೇಟರಿನ ಕೋಶದಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದು ತೇಲುಬುರುಡೆ ಮತ್ತು ಸೂಜಿ ಕವಾಟ. ಕವಾಟದಲ್ಲಿ ಕಸ ಸಿಕ್ಕಿದರೆ ಅಥವಾ ಬುರುಡೆ ಮುಳುಗಿದರೆ ಪೆಟ್ರೋಲು ಉಕ್ಕುತ್ತದೆ. ಅದನ್ನು ಹಿಡಿಯಲು ಪ್ರತಿ ಕಾರ್ಬ್ಯುರೇಟರಿನ ಕೆಳಗೆ ಒಂದು ತಟ್ಟೆ ಇಟ್ಟು, ಅದರಿಂದ ಒಂದು ಬಸಿನಳಿಕೆಯನ್ನು ಎಂಜಿನ್ ಹೊದಿಕೆಯ ಹೊರಕ್ಕೆ ಒಯ್ಯುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊದಿಕೆಯೊಳಗೆ ಬಿಟ್ಟರೆ ತಳದಲ್ಲಿ ನಿಲ್ಲುತ್ತದೆ. ನಳಿಕೆಯ ತುದಿ ಹೊಗೆ ಕೊಳವೆಯಿಂದ ದೂರವಿರಬೇಕು, ವಿಮಾನದ ಹೊಟ್ಟೆಯಿಂದ ತುಸು ಕೆಳಕ್ಕೆ ಚಾಚಿರಬೇಕು. ಇಲ್ಲವಾದರೆ ಹನಿಗಳು ಮೈಗಂಟಿ ಹರಿದು ಮತ್ತೆ ಒಳಸೇರಬಹುದು.

ಕೋಶಕ್ಕೆ ಇನ್ನೊಂದು ನಳಿಕೆಯೂ ಇದೆ: ಗಾಳಿನಳಿಕೆ. ನೋಡಲು ಬಸಿನಳಿಕೆಯಂತೆಯೇ. ಹಾಗೆಂದು ಎರಡನ್ನೂ ಕೂಡಿಸಿ ಒಂದೇ ಕಡೆ ಹೊರಬಿಟ್ಟರೆ ತೊಂದರೆ ಶುರು. ಎಂಜಿನ್ನು ಸೇದುವ ಗಾಳಿಯ ಒತ್ತಡವೇ ಕೋಶದಲ್ಲೂ ಇರಬೇಕು. ಆಗ ಮಾತ್ರ ಮಿಶ್ರಣದ ಪ್ರಮಾಣ ಸರಿ.

ಲೆಕ್ಕ ಹಾಕಿ ನೋಡೋಣ. ವೇಗ ಸೆಕೆಂಡಿಗೆ 50 ಮೀಟರು, ಅಂದರೆ ಗಂಟೆಗೆ 180 ಕಿ.ಮೀ. ಗಾಳಿಯ ಸಾಂದ್ರತೆ 1.2 ಕಿ.ಗ್ರಾಂ/ಘನ ಮೀ. ಎದುರು ಗಾಳಿಯ ಒತ್ತಡ ½ × 1.2 × 50² = 1500 ಪಾಸ್ಕಲ್. ಅಲ್ಪವೆನಿಸುತ್ತದೆಯೆ? ಇದು ಸುಮಾರು 21 ಸೆಂ.ಮೀ. ಎತ್ತರದ ಪೆಟ್ರೋಲು ಕಂಬವನ್ನು ಎತ್ತಿ ಹಿಡಿಯಬಲ್ಲುದು. ಕಾರ್ಬ್ಯುರೇಟರಿನೊಳಗಿನ ಮಟ್ಟಗಳ ಅಂತರವಾದರೋ ಕೆಲವೇ ಸೆಂಟಿಮೀಟರು! ತುದಿ ಗಾಳಿಗೆ ಎದುರಾಗಿದ್ದರೆ ಪೆಟ್ರೋಲು ಅತಿಯಾಗುತ್ತದೆ. ಬೀಸುಗಾಳಿ ಹೀರುವಂತಿದ್ದರೆ ಕಡಿಮೆಯಾಗಿ ಎಂಜಿನ್ನು ಕಾಯುತ್ತದೆ, ನಿಲ್ಲಲೂಬಹುದು. ಆದ್ದರಿಂದ ಈ ತುದಿಯನ್ನು ಗಾಳಿ ತಳ್ಳದ, ಹೀರದ ಜಾಗದಲ್ಲಿಡಬೇಕು. ಕೋಶ ಉಕ್ಕಿದಾಗ ಪೆಟ್ರೋಲು ಇದರಿಂದಲೂ ಬರುವುದರಿಂದ ಬಿಸಿ ಭಾಗದ ಮೇಲೆ ಮಾತ್ರ ಬೇಡ.

ನಳಿಕೆ ಎಲ್ಲೂ ಜೋತು ಬೀಳಬಾರದು. ತಗ್ಗಿನಲ್ಲಿ ನಿಂತ ದ್ರವ ಬಿರಡೆಯಂತೆ ಗಾಳಿಯನ್ನು ತಡೆಯುತ್ತದೆ. ಎರಡು ತಟ್ಟೆಗಳಿಗೆ ಬೇರೆ ಬೇರೆ ಬಸಿನಳಿಕೆ ಇದ್ದರೆ ಇನ್ನೊಂದು ಲಾಭ: ಒದ್ದೆಯಾದ ತುದಿಯೇ ಯಾವ ಕಡೆ ಸೋರಿದೆಯೆಂದು ಹೇಳುತ್ತದೆ.

ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-3ರಲ್ಲಿ ಬಳಸಿದ್ದು ಟರ್ಬೋ ಇರುವ ರೋಟ್ಯಾಕ್ಸ್ 914. ಅದರ ಗಾಳಿಪೆಟ್ಟಿಗೆಯಲ್ಲಿ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರಬಲ್ಲುದು. ಗಾಳಿನಳಿಕೆಯನ್ನು ಹೊರಗೆ ಬಿಟ್ಟರೆ ಕೋಶದಿಂದ ಪೆಟ್ರೋಲು ಮೇಲೇರಲಾರದು. ಹಾಗಾಗಿ ಅಲ್ಲಿ ಅದನ್ನು ಗಾಳಿಪೆಟ್ಟಿಗೆಗೇ ಜೋಡಿಸಿರುತ್ತಾರೆ.